ರಾಗಿ ಹೊಲದಲ್ಲಿ ಪ್ರಯೋಗ: ತಾಕು ಹಾಕುವುದರಿಂದ ಲೆಕ್ಕ ಮುಗಿಸುವವರೆಗೆ

ಹೊಲದ ಅರ್ಧಕ್ಕೆ ಹೊಸ ಗೊಬ್ಬರ ಹಾಕಿ, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಕೊಯ್ಲಿನಲ್ಲಿ ಎರಡೂ ಕಡೆಯ ಮೂಟೆ ಎಣಿಸುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ. ಗೊಬ್ಬರ ಹಾಕಿದ ಕಡೆ ಎರಡು ಮೂಟೆ ಹೆಚ್ಚು ಬಂದರೆ ಗೊಬ್ಬರ ಕೆಲಸ ಮಾಡಿತು ಎಂದುಬಿಡುತ್ತೇವೆ. ಆದರೆ ಆ ಅರ್ಧ ಇಳಿಜಾರಿನ ಕೆಳಗಿತ್ತೇ? ಹಿಂದೆ ಅಲ್ಲಿ ತಿಪ್ಪೆ ಇತ್ತೇ? ಬದುವಿನ ಮೇಲಿನ ಹೊಂಗೆ ಮರದ ನೆರಳು ಯಾವ ಕಡೆ ಬೀಳುತ್ತಿತ್ತು? ಗೊಬ್ಬರವನ್ನೇ ಹಾಕದೆ ಎರಡು ಅರ್ಧಗಳನ್ನು ಬೇರೆ ಬೇರೆ ಕೊಯ್ದಿದ್ದರೂ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತಿತ್ತು. ಆ ಸಹಜ ವ್ಯತ್ಯಾಸ ಎಷ್ಟೆಂದು ಗೊತ್ತಿಲ್ಲದೆ ಎರಡು ಮೂಟೆಗೆ ಯಾವ ಅರ್ಥವನ್ನೂ ಕೊಡಲಾಗದು.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿಯ ಗೊಬ್ಬರ ಪ್ರಯೋಗ ನಡೆಯುತ್ತಿತ್ತು. ಒಂದೊಂದು ಗೊಬ್ಬರಕ್ಕೆ ಒಂದೊಂದೇ ಉದ್ದನೆಯ ಪಟ್ಟಿ. 1919ರಲ್ಲಿ ಅಲ್ಲಿಗೆ ಬಂದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ದಶಕಗಳ ದಾಖಲೆಗಳನ್ನು ಅಧ್ಯಯನ ಮಾಡಿದರು. ಒಂದೇ ಪಟ್ಟಿಯಲ್ಲಿ ಮಣ್ಣಿನ ಗುಣ ಮತ್ತು ಗೊಬ್ಬರದ ಗುಣ ಬೇರ್ಪಡಿಸಲಾಗದಂತೆ ಬೆರೆತುಹೋಗುತ್ತವೆ. ಫಿಶರ್ ಮುಂದಿನ ವರ್ಷಗಳಲ್ಲಿ ರೂಪಿಸಿದ ಮೂರು ನಿಯಮಗಳು ಇಂದಿಗೂ ಕ್ಷೇತ್ರ ಪ್ರಯೋಗಗಳ ಅಡಿಪಾಯ: ಪುನರಾವರ್ತನೆ (ಒಂದೇ ಗೊಬ್ಬರವನ್ನು ಹಲವು ತುಂಡು ನೆಲಗಳಲ್ಲಿ, ಅಂದರೆ ತಾಕುಗಳಲ್ಲಿ ಹಾಕಿ ನೋಡುವುದು), ಯಾದೃಚ್ಛಿಕ ಹಂಚಿಕೆ (ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು), ಒಂದೇ ಬಗೆಯ ನೆಲವನ್ನು ಒಂದು ಬ್ಲಾಕ್ ಮಾಡಿ ಹೋಲಿಸುವುದು. 1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಅವರು, ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕೇಳುವುದು ಶವಪರೀಕ್ಷೆಗೆ ಕರೆದಂತೆ ಎಂಬರ್ಥದ ಮಾತನ್ನು ಹೇಳಿದರು. ಈ ಲೇಖನದ ಹುರುಳೂ ಅದೇ. ವಿಶ್ಲೇಷಣೆಯ ಬಹುಪಾಲು ಬಿತ್ತನೆಗೆ ಮುಂಚೆಯೇ, ಹೊಲದಲ್ಲಿ ಗೂಟ ಹೊಡೆಯುವಾಗಲೇ ತೀರ್ಮಾನವಾಗಿರುತ್ತದೆ. ಕಂಪ್ಯೂಟರಿನದು ಕೊನೆಯ ಹತ್ತು ನಿಮಿಷದ ಕೆಲಸ.

ಕೃಷಿ ವಿದ್ಯಾರ್ಥಿಗಳು, ಕ್ಷೇತ್ರ ಸಹಾಯಕರು, ರೈತ ಉತ್ಪಾದಕ ಸಂಸ್ಥೆಗಳವರು, ತಮ್ಮ ಹೊಲದಲ್ಲೇ ಒಂದು ಸರಿಯಾದ ಪ್ರಯೋಗ ಮಾಡಬೇಕೆಂದಿರುವ ರೈತರು, ಎಲ್ಲರಿಗೂ ಉಪಯೋಗವಾಗಲೆಂದು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ.

1. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ನಮ್ಮ ಉದಾಹರಣೆ ದಕ್ಷಿಣ ಕರ್ನಾಟಕದ ಕೆಂಪು ಮಣ್ಣಿನ ಮಳೆಯಾಶ್ರಿತ ರಾಗಿ. ಹೆಕ್ಟೇರಿಗೆ 50 ಕಿಲೋ ಸಾರಜನಕ ಹಾಕುವ ಕಡೆ ಅದನ್ನು 25ಕ್ಕೆ ಇಳಿಸಿದರೆ ಎಷ್ಟು ಇಳುವರಿ ಕಳೆದುಕೊಳ್ಳುತ್ತೇವೆ, 75ಕ್ಕೆ ಏರಿಸಿದರೆ ಎಷ್ಟು ಗಳಿಸುತ್ತೇವೆ? ಇದೇ ಪ್ರಶ್ನೆ. ಆದ್ದರಿಂದ ಉಪಚಾರಗಳು, ಅಂದರೆ ಹೋಲಿಸಿ ನೋಡುವ ಪ್ರಮಾಣಗಳು, ನಾಲ್ಕು: 0, 25, 50, 75 ಕಿಲೋ.

ಪ್ರಶ್ನೆ ಸಾರಜನಕದ್ದು ಎಂದಾದ ಮೇಲೆ ತಾಕಿನಿಂದ ತಾಕಿಗೆ ಬದಲಾಗಬೇಕಾದದ್ದು ಸಾರಜನಕ ಮಾತ್ರ. ರಂಜಕ, ಪೊಟ್ಯಾಷ್, ಕೊಟ್ಟಿಗೆ ಗೊಬ್ಬರ, ತಳಿ, ಬಿತ್ತನೆಯ ದಿನ, ಕಳೆ ತೆಗೆಯುವ ದಿನ ಎಲ್ಲವೂ ಎಲ್ಲ ತಾಕಿಗೂ ಒಂದೇ. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಹೆಕ್ಟೇರಿಗೆ 40 ಕಿಲೋ ರಂಜಕವನ್ನು ಡಿಎಪಿ ರೂಪದಲ್ಲಿ ಕೊಟ್ಟರೆ ಸುಮಾರು 87 ಕಿಲೋ ಡಿಎಪಿ ಬೇಕು. ಡಿಎಪಿಯಲ್ಲಿ ಶೇ 18 ಸಾರಜನಕವೂ ಇದೆ. ಅಂದರೆ 'ಸೊನ್ನೆ' ಎಂದು ಬರೆದುಕೊಂಡ ತಾಕಿಗೆ ಹತ್ತಿರ ಹತ್ತಿರ 16 ಕಿಲೋ ಸಾರಜನಕ ಹೋಗಿರುತ್ತದೆ! ಇಂಥ ಪ್ರಯೋಗಕ್ಕೆ ಸಿಂಗಲ್ ಸೂಪರ್ ಫಾಸ್ಫೇಟ್ ಬಳಸಬೇಕು. ಈ ತಪ್ಪನ್ನು ಯಾವ ಸೂತ್ರವೂ ಆಮೇಲೆ ಸರಿಪಡಿಸಲಾರದು.

ಮುಖ್ಯ ಅಳತೆ ಯಾವುದೆಂದೂ ಈಗಲೇ ಬರೆದಿಡಿ. ನಮಗೆ ಅದು ಕಾಳಿನ ಇಳುವರಿ. ತೆಂಡೆ, ತೆನೆಯ ತೂಕ, ಹುಲ್ಲು ಎಲ್ಲವನ್ನೂ ಅಳೆಯಬಹುದು. ಆದರೆ ಇಪ್ಪತ್ತು ಅಳತೆ ತೆಗೆದು ಅದರಲ್ಲಿ ಚೆನ್ನಾಗಿ ಕಂಡ ಒಂದನ್ನು ಆಮೇಲೆ ಮುಖ್ಯ ಎಂದು ಕರೆಯಕೂಡದು. ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದಾಗ ಏನೂ ಪರಿಣಾಮ ಇಲ್ಲದ ಕಡೆಯೂ ಸರಾಸರಿ ಇಪ್ಪತ್ತರಲ್ಲಿ ಒಂದು 'ಸಾರ್ಥಕ', ಅಂದರೆ ಆಕಸ್ಮಿಕವಲ್ಲ, ಎಂದು ಕಾಣಿಸುತ್ತದೆ.

2. ಎಷ್ಟು ಪುನರಾವರ್ತನೆ ಬೇಕು

'ಎಲ್ಲರೂ ಮೂರು ಹಾಕುತ್ತಾರೆ' ಎಂಬುದು ಉತ್ತರವಲ್ಲ. ಎರಡು ಅಂಕಿ ಬೇಕು. ಒಂದು, ನೀವು ಗುರುತಿಸಲೇಬೇಕೆಂದಿರುವ ವ್ಯತ್ಯಾಸ, ಸರಾಸರಿಯ ಶೇಕಡಾವಾರಿನಲ್ಲಿ. ಇನ್ನೊಂದು ಸಿ.ವಿ., ಅಂದರೆ ಒಂದೇ ಉಪಚಾರ ಪಡೆದ ತಾಕುಗಳ ನಡುವಿನ ಸಹಜ ಏರುಪೇರು ಸರಾಸರಿಯ ಶೇಕಡಾ ಎಷ್ಟು ಎಂಬುದು. ಅದೇ ಕೇಂದ್ರದಲ್ಲಿ ಹಿಂದೆ ನಡೆದ ಪ್ರಯೋಗಗಳ ವರದಿಯಲ್ಲಿ ಸಿ.ವಿ. ಸಿಗುತ್ತದೆ. ಎರಡು ಉಪಚಾರಗಳ ಹೋಲಿಕೆಗೆ, ಶೇ 5ರ ಮಟ್ಟದಲ್ಲಿ, ನಿಜವಾದ ವ್ಯತ್ಯಾಸವನ್ನು ಹತ್ತರಲ್ಲಿ ಎಂಟು ಸಲ ಹಿಡಿಯುವಂತಿರಬೇಕಾದರೆ ಬೇಕಾಗುವ ಪುನರಾವರ್ತನೆ ಸುಮಾರು ಇಷ್ಟು:

16 × (ಸಿ.ವಿ. ÷ ವ್ಯತ್ಯಾಸ)²

ಸಿ.ವಿ. ಶೇ 10 ಎಂದುಕೊಳ್ಳಿ. ಶೇ 20ರ ವ್ಯತ್ಯಾಸ ಹಿಡಿಯಲು 4 ಪುನರಾವರ್ತನೆ ಬೇಕು. ಶೇ 15ಕ್ಕೆ 7. ಶೇ 10ಕ್ಕೆ 16! ಮೂರು ಪುನರಾವರ್ತನೆಯ ಪ್ರಯೋಗದಲ್ಲಿ ಶೇ 8ರ ಹೆಚ್ಚಳ 'ಸಾರ್ಥಕವಲ್ಲ' ಎಂದು ಬಂದರೆ ಅದರಿಂದ ಏನೂ ತಿಳಿದಂತಾಗಲಿಲ್ಲ, ಅದನ್ನು ಹಿಡಿಯುವ ಶಕ್ತಿಯೇ ಆ ಪ್ರಯೋಗಕ್ಕಿರಲಿಲ್ಲ. ಸೂತ್ರ ದೊಡ್ಡ ಪ್ರಯೋಗಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುವುದರಿಂದ ಚಿಕ್ಕ ಪ್ರಯೋಗದಲ್ಲಿ ಒಂದನ್ನು ಹೆಚ್ಚಿಗೆ ಸೇರಿಸುವುದು ಒಳ್ಳೆಯದು. ನಾವು ಶೇ 20ರ ವ್ಯತ್ಯಾಸಕ್ಕೆ 5 ಪುನರಾವರ್ತನೆ ಇಟ್ಟುಕೊಳ್ಳೋಣ. ನಾಲ್ಕು ಉಪಚಾರ, ಐದು ಬ್ಲಾಕ್, ಒಟ್ಟು 20 ತಾಕು.

ಒಂದು ತಾಕಿನಲ್ಲಿ ಹತ್ತು ಗಿಡ ಅಳೆದರೆ ಹತ್ತು ಪುನರಾವರ್ತನೆ ಆಗುವುದಿಲ್ಲ. ಗೊಬ್ಬರವನ್ನು ಯಾದೃಚ್ಛಿಕವಾಗಿ ಹಂಚಿದ್ದು ತಾಕಿಗೆ, ಗಿಡಕ್ಕಲ್ಲ. ಹತ್ತು ಗಿಡಗಳ ಸರಾಸರಿ ಒಂದೇ ಅಂಕಿಯಾಗಿ ಲೆಕ್ಕಕ್ಕೆ ಬರಬೇಕು. ಸ್ನಾತಕೋತ್ತರ ಪ್ರಬಂಧಗಳನ್ನು ಓದುವಾಗ ನಾನು ಮೊದಲು ನೋಡುವುದೇ ಇದನ್ನು.

3. ಹೊಲವನ್ನು ಓದಿ, ಆಮೇಲೆ ಬ್ಲಾಕ್ ಹಾಕಿ

ಹಿಂದಿನ ಬೆಳೆ ನಿಂತಿರುವಾಗಲೇ ಹೊಲಕ್ಕೆ ಹೋಗಿ. ಎಲ್ಲಿ ಪೈರು ಎತ್ತರ, ಎಲ್ಲಿ ಹಳದಿ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಒಂದು ಕಾಗದದ ಮೇಲೆ ಗೀಚಿಕೊಳ್ಳಿ. ಹೊಲದ ಒಡೆಯರನ್ನು ಕೇಳಿ. ತಿಪ್ಪೆ ಎಲ್ಲಿತ್ತು, ಕಣ ಎಲ್ಲಿ ಮಾಡುತ್ತಿದ್ದರು, ಹಳೆಯ ಬದು ಯಾವಾಗ ಕಿತ್ತರು, ಕುರಿ ಮಂದೆ ಎಲ್ಲಿ ನಿಲ್ಲಿಸಿದ್ದರು ಎಂಬುದನ್ನು ಅವರಷ್ಟು ಚೆನ್ನಾಗಿ ಯಾವ ಮಣ್ಣು ಪರೀಕ್ಷೆಯೂ ಹೇಳದು. ಮಂದೆ ನಿಂತ ಜಾಗವನ್ನು ಪ್ರಯೋಗದಿಂದ ಹೊರಗಿಡಿ. ಮರದ ನೆರಳು ಮತ್ತು ಬೇರು ಹರಿದಷ್ಟು ದೂರವನ್ನೂ ಬಿಡಿ.

ಕೆಂಪು ಮಣ್ಣಿನ ಹೊಲಗಳಲ್ಲಿ ಸಾಮಾನ್ಯವಾಗಿ ಇಳಿಜಾರಿನ ಮೇಲ್ಭಾಗ ತೆಳು, ಗರಸು. ಕೆಳಗಿನ ಬದುವಿನ ಬಳಿ ಕೊಚ್ಚಿಬಂದ ಮೆಕ್ಕಲು, ಹೆಚ್ಚು ತೇವ. ಹಾಗಾಗಿ ಮೇಲಿನಿಂದ ಕೆಳಕ್ಕೆ ಫಲವತ್ತತೆ ಏರುತ್ತಾ ಹೋಗುತ್ತದೆ. ಬ್ಲಾಕುಗಳು ಈ ಇಳಿಜಾರಿಗೆ ಅಡ್ಡವಾಗಿ, ಬದುವಿಗೆ ಸಮಾನಾಂತರವಾಗಿ ಒಂದರ ಕೆಳಗೊಂದು ಬರಬೇಕು. ಒಂದು ಬ್ಲಾಕಿನ ನಾಲ್ಕೂ ತಾಕು ಒಂದೇ ಎತ್ತರದಲ್ಲಿರಬೇಕು. ತಾಕಿನ ಉದ್ದ ಮಾತ್ರ ಇಳಿಜಾರಿನ ದಿಕ್ಕಿಗೆ ಇರಲಿ, ಆಗ ಅಷ್ಟಿಷ್ಟು ಏರಿಳಿತ ನಾಲ್ಕೂ ತಾಕಿಗೆ ಸಮನಾಗಿ ಹಂಚಿಹೋಗುತ್ತದೆ. ಬ್ಲಾಕನ್ನು ಇಳಿಜಾರಿನ ಉದ್ದಕ್ಕೆ ಮಲಗಿಸಿದರೆ ಒಂದೇ ಬ್ಲಾಕಿನೊಳಗೆ ಗರಸೂ ಮೆಕ್ಕಲೂ ಸೇರಿ, ಬ್ಲಾಕ್ ಹಾಕಿದ್ದಕ್ಕೆ ಪ್ರಯೋಜನವೇ ಇರುವುದಿಲ್ಲ. ಪುಸ್ತಕದ ಚಿತ್ರ ನೋಡಿ ಹೊಲಕ್ಕಿಳಿದವರು ಮಾಡುವ ಅತಿ ದುಬಾರಿ ತಪ್ಪು ಇದು. ಚಿತ್ರದಲ್ಲಿ ಬ್ಲಾಕುಗಳಿರುತ್ತವೆ, ಇಳಿಜಾರು ಇರುವುದಿಲ್ಲ.

ಐದು ಬ್ಲಾಕ್ ಒಂದಕ್ಕೊಂದು ಅಂಟಿಕೊಂಡೇ ಇರಬೇಕೆಂಬ ನಿಯಮವೇನೂ ಇಲ್ಲ. ನಡುವೆ ಕಲ್ಲುಗುಪ್ಪೆ ಇದ್ದರೆ ಬಿಟ್ಟು ಆಚೆ ಹಾಕಿ. ಒಳಗೆ ಏಕರೂಪ ಇದ್ದರೆ ಸಾಕು.

4. ಚೀಟಿ ಎತ್ತಿ

ಪ್ರತಿ ಬ್ಲಾಕಿಗೂ ಪ್ರತ್ಯೇಕವಾಗಿ ನಾಲ್ಕು ಚೀಟಿ ಮಡಚಿ, ಕಲಸಿ, ಒಂದೊಂದಾಗಿ ಎತ್ತಿ ತಾಕಿಗೆ ಹಂಚಿ. ಕಂಪ್ಯೂಟರಿನ ಯಾದೃಚ್ಛಿಕ ಸಂಖ್ಯೆಯಾದರೂ ಸರಿ. ಮೊದಲ ಬ್ಲಾಕಿಗೆ ಎತ್ತಿದ ಕ್ರಮವನ್ನೇ ಐದಕ್ಕೂ ಬಳಸುವುದು ಯಾದೃಚ್ಛಿಕ ಹಂಚಿಕೆಯಲ್ಲ. ಆಗ 75ರ ತಾಕು ಪ್ರತಿ ಬ್ಲಾಕಿನಲ್ಲೂ 0 ತಾಕಿನ ಬಲಕ್ಕೇ ಇರುತ್ತದೆ, ಬಲ ಬದಿಯಲ್ಲೊಂದು ಹಳೆಯ ಗಾಡಿ ದಾರಿ ಇದ್ದರೆ ಅದರ ಪೆಟ್ಟು ಒಂದೇ ಉಪಚಾರದ ಮೇಲೆ ಬೀಳುತ್ತದೆ.

'ಕಣ್ಣಿಗೆ ಚೆನ್ನಾಗಿ ಹಂಚಿದಂತೆ ಕಾಣಲಿ' ಎಂದು ಚೀಟಿಯ ಫಲಿತವನ್ನು ತಿದ್ದಬೇಡಿ. ಉಪಚಾರಗಳ ವ್ಯತ್ಯಾಸವನ್ನು ಸಹಜ ಏರುಪೇರಿಗೆ ಹೋಲಿಸಲು ನಾಳೆ ಲೆಕ್ಕದಲ್ಲಿ ಬಳಸುವ ಎಫ್ ಪರೀಕ್ಷೆಗೆ ಆಧಾರವೇ ಈ ಚೀಟಿ. ಪ್ರತಿ ತಾಕಿಗೂ ಪ್ರತಿ ಉಪಚಾರ ಬೀಳುವ ಅವಕಾಶ ಸಮನಾಗಿದ್ದರೆ ಮಾತ್ರ, ಉಳಿದ ಏರುಪೇರು ಯಾರ ಪರವೂ ಇಲ್ಲ ಎಂದು ಹೇಳುವ ಹಕ್ಕು ನಮಗಿರುತ್ತದೆ. ನಕ್ಷೆಯನ್ನು ಎರಡು ಪ್ರತಿ ಮಾಡಿ, ಒಂದನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮಳೆಗೆ ಅಳಿಸಿಹೋಗುವ ಗೂಟದ ಬರಹವನ್ನು ನಂಬಬೇಡಿ.

5. ತಾಕಿನ ಅಳತೆ, ಪೊಟ್ಟಣದ ತೂಕ

ರಾಗಿ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್. 14 ಸಾಲು ಹಾಕಿದರೆ ಅಗಲ 4.2 ಮೀಟರ್, ಉದ್ದ 5 ಮೀಟರ್ ಇಟ್ಟುಕೊಳ್ಳೋಣ. ಒಟ್ಟು ತಾಕು 21 ಚದರ ಮೀಟರ್. ಅಂಚಿನ ಸಾಲುಗಳಿಗೆ ಬೆಳಕು ಹೆಚ್ಚು, ಪಕ್ಕದ ತಾಕಿನ ಗೊಬ್ಬರವನ್ನೂ ಅವುಗಳ ಬೇರು ಎಳೆದುಕೊಳ್ಳಬಹುದು. ಆದ್ದರಿಂದ ಎರಡೂ ಬದಿಯ ಎರಡೆರಡು ಸಾಲು ಮತ್ತು ತುದಿಗಳಲ್ಲಿ ಅರ್ಧರ್ಧ ಮೀಟರ್ ಬಿಟ್ಟು ನಡುವಿನ ಹತ್ತು ಸಾಲನ್ನು ಮಾತ್ರ ಇಳುವರಿಗೆ ಕೊಯ್ಯುತ್ತೇವೆ. ಈ ನಿವ್ವಳ ತಾಕು 3 × 4 = 12 ಚದರ ಮೀಟರ್. ಇದರಿಂದ ಬಂದ ಕಿಲೋವನ್ನು 8.33ರಿಂದ ಗುಣಿಸಿದರೆ ಹೆಕ್ಟೇರಿಗೆ ಕ್ವಿಂಟಾಲ್ ಸಿಗುತ್ತದೆ.

ತಾಕುಗಳ ನಡುವೆ ಅರ್ಧ ಮೀಟರ್, ಬ್ಲಾಕುಗಳ ನಡುವೆ ಒಂದು ಮೀಟರ್, ಸುತ್ತಲೂ ಒಂದು ಮೀಟರ್ ಬಿಟ್ಟರೆ ಇಡೀ ಪ್ರಯೋಗ ಆರು ಗುಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಮಳೆ ನೀರು ಯೂರಿಯಾವನ್ನು ಕರಗಿಸಿ ಪಕ್ಕದ ತಾಕಿಗೆ ಒಯ್ಯುವುದರಿಂದ ಪ್ರತಿ ತಾಕಿಗೂ ಚಿಕ್ಕದೊಂದು ಮಣ್ಣಿನ ಏರಿ ಬೇಕೇ ಬೇಕು.

ಗೊಬ್ಬರ ಬೀಳುವುದು ಒಟ್ಟು ತಾಕಿಗೆ, 21 ಚದರ ಮೀಟರಿಗೆ. ಹೆಕ್ಟೇರಿಗೆ 50 ಕಿಲೋ ಎಂದರೆ ತಾಕಿಗೆ 105 ಗ್ರಾಂ ಸಾರಜನಕ. ಯೂರಿಯಾದಲ್ಲಿ ಶೇ 46 ಸಾರಜನಕ ಇರುವುದರಿಂದ 228 ಗ್ರಾಂ ಯೂರಿಯಾ. 25ಕ್ಕೆ 114, 75ಕ್ಕೆ 342 ಗ್ರಾಂ. ಅರ್ಧ ಬಿತ್ತನೆಗೆ, ಅರ್ಧ ಮೇಲುಗೊಬ್ಬರವಾಗಿ. ಹಿಂದಿನ ಸಂಜೆಯೇ ಅಡುಗೆ ಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಪ್ಲಾಸ್ಟಿಕ್ ಪೊಟ್ಟಣಕ್ಕೆ ತುಂಬಿ, ಬ್ಲಾಕ್ ಮತ್ತು ತಾಕಿನ ಸಂಖ್ಯೆ ಬರೆದು ಗಂಟು ಹಾಕಿಡಿ. ಬಿತ್ತನೆಯ ದಿನ ಮೊದಲು ಪೊಟ್ಟಣಗಳನ್ನು ಆಯಾ ತಾಕಿನ ಗೂಟದ ಬಳಿ ಇಟ್ಟು, ನಕ್ಷೆ ಹಿಡಿದು ಒಂದು ಸುತ್ತು ನೋಡಿ ಬಂದ ಮೇಲೆಯೇ ಬಿಚ್ಚಿ. ಯೂರಿಯಾ ಒಮ್ಮೆ ಮಣ್ಣಿಗೆ ಬಿದ್ದ ಮೇಲೆ ವಾಪಸು ಬರುವುದಿಲ್ಲ.

6. ಬೆಳೆ ನಿಂತಿರುವಾಗ ಮತ್ತು ಕೊಯ್ಲಿನಲ್ಲಿ

ಕಳೆ ತೆಗೆಯಲು ಐದಾರು ಜನ ಬಂದರೆ ಅವರನ್ನು ತಾಕಿಗೊಬ್ಬರಂತೆ ಹಂಚಬೇಡಿ. ಒಂದು ಬ್ಲಾಕನ್ನು ಒಂದೇ ತಂಡ, ಒಂದೇ ದಿನ ಮುಗಿಸಲಿ. ಸಂಜೆಯಾಗಿ ಕೆಲಸ ನಿಲ್ಲಿಸಬೇಕಾದರೆ ಬ್ಲಾಕಿನ ಗಡಿಯಲ್ಲಿ ನಿಲ್ಲಿಸಿ. ಆಗ ದಿನದ ವ್ಯತ್ಯಾಸ, ಕೈಯ ವ್ಯತ್ಯಾಸ ಎಲ್ಲವೂ ಬ್ಲಾಕ್ ವ್ಯತ್ಯಾಸದೊಳಗೆ ಸೇರಿ ಲೆಕ್ಕದಲ್ಲಿ ತಾನಾಗಿ ಹೊರಗೆ ಹೋಗುತ್ತದೆ. ಕೊಯ್ಲು, ಒಕ್ಕಣೆ, ತೂಕಕ್ಕೂ ಇದೇ ನಿಯಮ.

ಸಾರಜನಕ ಹೆಚ್ಚು ಪಡೆದ ಪೈರು ಹಸಿರು ಉಳಿಸಿಕೊಂಡು ಸ್ವಲ್ಪ ತಡವಾಗಿ ಮಾಗಬಹುದು, ಕಾಳಿನಲ್ಲಿ ತೇವ ಹೆಚ್ಚಿರುತ್ತದೆ. ಹಾಗೆಯೇ ತೂಗಿದರೆ ನೀರಿಗೂ ಇಳುವರಿಯ ಪಟ್ಟ ಕೊಟ್ಟಂತೆ. ತೇವಾಂಶ ಅಳೆದು ಎಲ್ಲ ತಾಕನ್ನೂ ಶೇ 12ಕ್ಕೆ ತನ್ನಿ: ತೂಕ × (100 − ತೇವಾಂಶ) ÷ 88. ಶೇ 16 ತೇವದ 3.1 ಕಿಲೋ ಕಾಳು ಹೀಗೆ 2.96 ಕಿಲೋ ಆಗುತ್ತದೆ. ಈ 140 ಗ್ರಾಂ ಮುಂದೆ ನೋಡಲಿರುವ ವ್ಯತ್ಯಾಸಗಳ ಮುಂದೆ ಸಣ್ಣದಲ್ಲ.

7. ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ಕಲಿಯಲೆಂದು ಹೊಂದಿಸಿಕೊಂಡವು, ಯಾವ ಹೊಲದ ಫಲಿತಾಂಶವೂ ಅಲ್ಲ. ನಿವ್ವಳ ತಾಕಿನ ಇಳುವರಿ ಕಿಲೋಗಳಲ್ಲಿದೆ. ಬ್ಲಾಕ್ 1 ಇಳಿಜಾರಿನ ಮೇಲೆ, ಬ್ಲಾಕ್ 5 ಕೆಳಗೆ.

| ಸಾರಜನಕ | ಬ್ಲಾಕ್ 1 | ಬ್ಲಾಕ್ 2 | ಬ್ಲಾಕ್ 3 | ಬ್ಲಾಕ್ 4 | ಬ್ಲಾಕ್ 5 | ಮೊತ್ತ | ಸರಾಸರಿ |
|---|---|---|---|---|---|---|---|
| 0 | 1.7 | 2.2 | 2.0 | 2.5 | 2.1 | 10.5 | 2.10 |
| 25 | 2.4 | 2.2 | 2.3 | 2.9 | 2.7 | 12.5 | 2.50 |
| 50 | 2.3 | 2.9 | 2.6 | 2.9 | 3.3 | 14.0 | 2.80 |
| 75 | 2.8 | 2.5 | 3.1 | 2.9 | 3.2 | 14.5 | 2.90 |
| ಮೊತ್ತ | 9.2 | 9.8 | 10.0 | 11.2 | 11.3 | 51.5 | 2.575 |

ಒಮ್ಮೆಯಾದರೂ ಕೈಯಲ್ಲಿ ಮಾಡಿ ನೋಡಿ, ತಂತ್ರಾಂಶ ಒಳಗೆ ಏನು ಮಾಡುತ್ತದೆಂದು ತಿಳಿಯುತ್ತದೆ.

ತಿದ್ದುಪಡಿ ಅಂಶ: 51.5² ÷ 20 = 132.6125.
ಒಟ್ಟು ವರ್ಗಮೊತ್ತ: ಇಪ್ಪತ್ತೂ ಅಂಕಿಗಳ ವರ್ಗಗಳ ಮೊತ್ತ 136.09. ಅದರಿಂದ ತಿದ್ದುಪಡಿ ಅಂಶ ಕಳೆದರೆ 3.4775.
ಉಪಚಾರ ವರ್ಗಮೊತ್ತ: ಉಪಚಾರ ಮೊತ್ತಗಳ ವರ್ಗಗಳನ್ನು ಕೂಡಿ 5ರಿಂದ ಭಾಗಿಸಿ, ಮತ್ತೆ ಅದೇ ಅಂಶ ಕಳೆದರೆ 1.9375.
ಬ್ಲಾಕ್ ವರ್ಗಮೊತ್ತ: ಬ್ಲಾಕ್ ಮೊತ್ತಗಳಿಂದ ಹಾಗೆಯೇ, 4ರಿಂದ ಭಾಗಿಸಿ, 0.84.
ಉಳಿದದ್ದು ಪ್ರಯೋಗ ದೋಷ, ಅಂದರೆ ಯಾರ ತಪ್ಪೂ ಅಲ್ಲದ ಸಹಜ ಏರುಪೇರು: 3.4775 − 1.9375 − 0.84 = 0.70.

ದೋಷದ ಡಿ.ಎಫ್. (ಸ್ವಾತಂತ್ರ್ಯ ಮಟ್ಟ), ಉಪಚಾರಗಳಲ್ಲಿ ಒಂದು, ಬ್ಲಾಕುಗಳಲ್ಲಿ ಒಂದು ಕಳೆದು, 3 × 4 = 12. ಆದ್ದರಿಂದ ದೋಷದ ಸರಾಸರಿ ವರ್ಗ 0.70 ÷ 12 = 0.0583. ಉಪಚಾರದ್ದು 1.9375 ÷ 3 = 0.6458. ಇವೆರಡರ ಅನುಪಾತ ಎಫ್ = 11.07. 3 ಮತ್ತು 12 ಡಿ.ಎಫ್.ಗೆ ಕೋಷ್ಟಕದ ಬೆಲೆ ಶೇ 5ರಲ್ಲಿ 3.49, ಶೇ 1ರಲ್ಲಿ 5.95. ಸಾರಜನಕದಿಂದ ಇಳುವರಿ ಬದಲಾಗಿದೆ ಎಂಬುದರಲ್ಲಿ ಅನುಮಾನವಿಲ್ಲ. ಸಿ.ವಿ. ಶೇ 9.4, ನಾವು ಊಹಿಸಿಕೊಂಡದ್ದಕ್ಕೆ ಹತ್ತಿರವಿದೆ.

ಬ್ಲಾಕ್ ಹಾಕಿದ ಶ್ರಮಕ್ಕೆ ಏನು ಸಿಕ್ಕಿತು? ಇದೇ ಅಂಕಿಗಳನ್ನು ಬ್ಲಾಕ್ ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಡಿದರೆ 0.84 ಕೂಡ ದೋಷಕ್ಕೆ ಸೇರಿ, ದೋಷದ ಸರಾಸರಿ ವರ್ಗ 0.096ಕ್ಕೆ ಏರುತ್ತದೆ. ಬ್ಲಾಕಿನಿಂದ ಬಂದ ಸಾಪೇಕ್ಷ ದಕ್ಷತೆ ಸುಮಾರು 1.55. ಅಂದರೆ ಬ್ಲಾಕ್ ಇಲ್ಲದೆ ಇದೇ ನಿಖರತೆ ಬೇಕಿದ್ದರೆ ಐದರ ಬದಲು ಏಳೆಂಟು ಪುನರಾವರ್ತನೆ ಹಾಕಬೇಕಿತ್ತು. ಇಳಿಜಾರಿಗೆ ಅಡ್ಡ ಗೂಟ ಹೊಡೆದದ್ದಕ್ಕೆ ಸಿಕ್ಕ ಪ್ರತಿಫಲ ಇದು.

ಎಕ್ಸೆಲ್‌ನಲ್ಲಿ ಈ ಲೆಕ್ಕ 'ಅನೋವಾ ಟೂ-ಫ್ಯಾಕ್ಟರ್ ವಿದೌಟ್ ರೆಪ್ಲಿಕೇಷನ್' ಎಂಬ ಹೆಸರಿನಲ್ಲಿ ಸಿಗುತ್ತದೆ. ಪುನರಾವರ್ತನೆ ಇದೆಯಲ್ಲ ಎಂದು ಗಾಬರಿಯಾಗಬೇಡಿ, ಅಲ್ಲಿ ಬ್ಲಾಕೇ ಎರಡನೆಯ ಅಂಶ. ಉಚಿತವಾಗಿ ಸಿಗುವ 'ಆರ್' ತಂತ್ರಾಂಶ ಬಳಸುವವರು ಬ್ಲಾಕ್ ಸಂಖ್ಯೆ 1ರಿಂದ 5 ಎಂದಿರುವುದನ್ನು ವರ್ಗದ ಹೆಸರೆಂದು ತಿಳಿಸಬೇಕು. ತಿಳಿಸದಿದ್ದರೆ ಅದು ಬ್ಲಾಕನ್ನು ಅಳತೆಯ ಸಂಖ್ಯೆಯೆಂದು ತಿಳಿದು ನೇರ ಗೆರೆ ಎಳೆಯುತ್ತದೆ. ದೋಷದ ಡಿ.ಎಫ್. 12ರ ಬದಲು 15 ಎಂದು ಬಂದರೆ ಆಗಿರುವುದು ಇದೇ. ಫಲಿತಾಂಶ ತೆರೆದ ಕೂಡಲೇ ಮೊದಲು ಡಿ.ಎಫ್. ನೋಡಿ, ಆಮೇಲೆ ಉಳಿದದ್ದು.

8. ಸಿ.ಡಿ. ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಎರಡು ಸರಾಸರಿಗಳ ವ್ಯತ್ಯಾಸದ ಪ್ರಮಾಣ ದೋಷ √(2 × 0.0583 ÷ 5) = 0.153. 12 ಡಿ.ಎಫ್.ಗೆ ಶೇ 5ರಲ್ಲಿ ಕೋಷ್ಟಕದ ಟಿ ಬೆಲೆ 2.179. ಗುಣಿಸಿದರೆ ಸಿ.ಡಿ. (ಸಾರ್ಥಕ ಎನ್ನಲು ಎರಡು ಸರಾಸರಿಗಳ ನಡುವೆ ಇರಬೇಕಾದ ಕನಿಷ್ಠ ಅಂತರ) 0.33 ಕಿಲೋ, ಹೆಕ್ಟೇರಿಗೆ 2.8 ಕ್ವಿಂಟಾಲ್. ಸರಾಸರಿಗಳು ಕ್ರಮವಾಗಿ 17.5, 20.8, 23.3, 24.2 ಕ್ವಿಂಟಾಲ್.

0 ಮತ್ತು 25ರ ನಡುವಿನ ಅಂತರ 0.40 ಕಿಲೋ, ಸಿ.ಡಿ.ಗಿಂತ ಹೆಚ್ಚು. ಬ್ಲಾಕ್ ಲೆಕ್ಕಕ್ಕೆ ಹಿಡಿಯದಿದ್ದರೆ ಸಿ.ಡಿ. 0.42 ಆಗಿ ಇದೇ ಅಂತರ ಕೈಬಿಟ್ಟುಹೋಗುತ್ತಿತ್ತು. 25 ಮತ್ತು 50ರ ಅಂತರ 0.30, ಸಿ.ಡಿ.ಗಿಂತ ಕಡಿಮೆ. ಇಂಥಲ್ಲಿ ನಮ್ಮ ವರದಿಗಳು 'ಎರಡೂ ಆನ್ ಪಾರ್' (ಸಮಸಮ) ಎಂದು ಬರೆದು, ಆದ್ದರಿಂದ 25 ಕಿಲೋ ಸಾಕು ಎಂದು ಶಿಫಾರಸು ಮಾಡಿಬಿಡುತ್ತವೆ. ಇದನ್ನು ನಾನು ಒಪ್ಪುವುದಿಲ್ಲ. ಆ ಅಂತರ ಹೆಕ್ಟೇರಿಗೆ 2.5 ಕ್ವಿಂಟಾಲ್, ಅದರ ಶೇ 95ರ ವ್ಯಾಪ್ತಿ (ನಿಜವಾದ ಅಂತರ ಇರಬಹುದಾದ ಮಿತಿ) −0.3ರಿಂದ 5.3 ಕ್ವಿಂಟಾಲ್. ಐದು ಕ್ವಿಂಟಾಲ್ ರಾಗಿ ಹೆಚ್ಚು ಬರುವ ಸಾಧ್ಯತೆಯೂ ಈ ವ್ಯಾಪ್ತಿಯೊಳಗೇ ಇರುವಾಗ ಎರಡೂ ಸಮ ಎಂದು ರೈತರಿಗೆ ಹೇಳುವುದು ನ್ಯಾಯವಲ್ಲ. ಪುರಾವೆ ಸಾಲದು ಎಂಬುದು ಒಂದು ಮಾತು, ಸಮ ಎಂಬುದು ಬೇರೆಯೇ ಮಾತು.

ಜೊತೆಗೆ 0, 25, 50, 75 ಎಂಬುವು ನಾಲ್ಕು ಬೇರೆ ಬೇರೆ ತಳಿಗಳಂತೆ ಸಂಬಂಧವಿಲ್ಲದ ಹೆಸರುಗಳಲ್ಲ, ಒಂದೇ ಏಣಿಯ ಮೆಟ್ಟಿಲುಗಳು. ಎರಡೆರಡನ್ನು ಹಿಡಿದು ಹೋಲಿಸುವ ಬದಲು ಏರಿಕೆಯ ರೂಪವನ್ನೇ ಪರೀಕ್ಷಿಸಬೇಕು. ಉಪಚಾರ ಮೊತ್ತಗಳನ್ನು −3, −1, 1, 3ರಿಂದ ಗುಣಿಸಿ ಕೂಡಿದರೆ 13.5. ಅದರ ವರ್ಗವನ್ನು 5 × 20ರಿಂದ ಭಾಗಿಸಿದರೆ ನೇರ ಏರಿಕೆಯ ವರ್ಗಮೊತ್ತ 1.8225. ಉಪಚಾರದ ಒಟ್ಟು 1.9375ರಲ್ಲಿ ಬಹುಪಾಲು ಇದೊಂದೇ, ಎಫ್ 31.2. ಬಾಗುವಿಕೆಗೆ 1, −1, −1, 1ರಿಂದ ಗುಣಿಸಿದರೆ −1.5, ವರ್ಗಮೊತ್ತ 0.1125, ಎಫ್ 1.93. ಕೋಷ್ಟಕದ ಬೆಲೆ 4.75, ಹಾಗಾಗಿ ಬಾಗುವಿಕೆ ಸಾಬೀತಾಗಿಲ್ಲ. ಅಂದರೆ ಈ ಅಂಕಿಗಳು ಹೇಳುವುದು ಇಷ್ಟು: 75ರವರೆಗೆ ಒಂದು ಕಿಲೋ ಸಾರಜನಕಕ್ಕೆ ಸರಾಸರಿ ಸುಮಾರು 9 ಕಿಲೋ ರಾಗಿ ಹೆಚ್ಚುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಏರಿಕೆ ತಗ್ಗಿದಂತೆ ಕಾಣುತ್ತದಾದರೂ ಖಚಿತಪಡಿಸಲು 100 ಕಿಲೋ ಉಪಚಾರವನ್ನೂ ಸೇರಿಸಿ ಇನ್ನೊಂದು ಪ್ರಯೋಗ ಬೇಕು.

9. ಉಳಿಕೆಗಳನ್ನು ನಕ್ಷೆಯ ಮೇಲೆ ಬರೆಯಿರಿ

ಪ್ರತಿ ತಾಕಿನ ನಿರೀಕ್ಷಿತ ಇಳುವರಿ ಎಂದರೆ ಉಪಚಾರ ಸರಾಸರಿ + ಬ್ಲಾಕ್ ಸರಾಸರಿ − ಒಟ್ಟು ಸರಾಸರಿ. 5ನೇ ಬ್ಲಾಕಿನ 50ರ ತಾಕಿಗೆ ಇದು 2.80 + 2.825 − 2.575 = 3.05. ನಿಜವಾಗಿ ಬಂದದ್ದು 3.3, ಉಳಿಕೆ +0.25. ಇಪ್ಪತ್ತೂ ಉಳಿಕೆಗಳನ್ನು ಹೊಲದ ನಕ್ಷೆಯ ಆಯಾ ತಾಕಿನೊಳಗೆ ಬರೆಯಿರಿ. ಧನ ಚಿಹ್ನೆಗಳೆಲ್ಲ ಒಂದು ಮೂಲೆಯಲ್ಲಿ ಗುಂಪಾಗಿದ್ದರೆ ಬ್ಲಾಕ್ ಹಿಡಿಯದ ಇನ್ನೊಂದು ಏರಿಳಿತ ಹೊಲದಲ್ಲಿದೆ ಎಂದರ್ಥ. ಒಂದೇ ತಾಕಿನ ಉಳಿಕೆ ಉಳಿದವುಗಳಿಗಿಂತ ಬಹಳ ದೊಡ್ಡದಿದ್ದರೆ ಹೊಲದ ಟಿಪ್ಪಣಿ ಪುಸ್ತಕ ತೆರೆಯಿರಿ. ಕಾರಣ ಬರೆದಿದ್ದರೆ ಮಾತ್ರ ಆ ಅಂಕಿಯನ್ನು ಬಿಡಬಹುದು, ಇಷ್ಟವಾಗಲಿಲ್ಲ ಎಂಬುದು ಕಾರಣವಲ್ಲ.

ಕೀಟಗಳ ಎಣಿಕೆ, ರೋಗದ ಶೇಕಡಾವಾರು ಇದ್ದಲ್ಲಿ ಸರಾಸರಿ ಹೆಚ್ಚಿದಂತೆ ಏರುಪೇರೂ ಬದಲಾಗುತ್ತದೆ. ಎಣಿಕೆಗೆ ವರ್ಗಮೂಲ, ಶೇಕಡಾವಾರಿಗೆ ಕೋನ ರೂಪಾಂತರ ಮಾಡುವ ರೂಢಿ ಅದಕ್ಕಾಗಿಯೇ ಬಂದದ್ದು. ಇಳುವರಿಗೆ ಸಾಮಾನ್ಯವಾಗಿ ಅದು ಬೇಡ.

ದನ ಮೇಯ್ದು ಒಂದು ತಾಕು ಹಾಳಾದರೆ? ಸಂಖ್ಯಾಶಾಸ್ತ್ರಜ್ಞ ಫ್ರಾಂಕ್ ಯೇಟ್ಸ್ 1933ರಲ್ಲಿ ಕೊಟ್ಟ ಸೂತ್ರವಿದೆ: (ಉಪಚಾರಗಳ ಸಂಖ್ಯೆ × ಆ ಉಪಚಾರದ ಉಳಿದ ಮೊತ್ತ + ಬ್ಲಾಕುಗಳ ಸಂಖ್ಯೆ × ಆ ಬ್ಲಾಕಿನ ಉಳಿದ ಮೊತ್ತ − ಉಳಿದ ಒಟ್ಟು ಮೊತ್ತ) ÷ ದೋಷದ ಡಿ.ಎಫ್. ಮೇಲಿನ 3.3 ಕಳೆದುಹೋಗಿದ್ದರೆ (4 × 10.7 + 5 × 8.0 − 48.2) ÷ 12 = 2.88. ಇದನ್ನು ತುಂಬಿ ಲೆಕ್ಕ ಮಾಡಿ, ದೋಷದ ಡಿ.ಎಫ್. ಒಂದು ಕಡಿಮೆ ಮಾಡಬೇಕು. ಇದು ಲೆಕ್ಕವನ್ನು ಸಮತೋಲನಕ್ಕೆ ತರುತ್ತದೆಯೇ ಹೊರತು ಕಳೆದ ಮಾಹಿತಿಯನ್ನು ಮರಳಿ ಕೊಡುವುದಿಲ್ಲ. ಬೇಲಿ ಹಾಕುವ ಖರ್ಚು ಇದಕ್ಕಿಂತ ಅಗ್ಗ.

10. ಬೇರೆ ವಿನ್ಯಾಸ ಬೇಕಾಗುವ ಸಂದರ್ಭಗಳು

ಮೇಲಿನದು ಆರ್‌ಬಿಡಿ, ಅಂದರೆ ಪ್ರತಿ ಬ್ಲಾಕಿನೊಳಗೆ ಚೀಟಿ ಎತ್ತಿ ಹಂಚುವ ವಿನ್ಯಾಸ. ಹೊಲದ ಬಹುತೇಕ ಪ್ರಶ್ನೆಗಳಿಗೆ ಇದೇ ಸಾಕು. ಕುಂಡಗಳಲ್ಲಿ, ಪ್ರಯೋಗಾಲಯದಲ್ಲಿ ಎಲ್ಲವೂ ಏಕರೂಪವಾಗಿದ್ದರೆ ಬ್ಲಾಕ್ ಇಲ್ಲದ ಸಿಆರ್‌ಡಿ ಸರಿಹೋಗುತ್ತದೆ. ಏರಿಳಿತ ಎರಡು ದಿಕ್ಕಿಗೂ ಇದ್ದರೆ ಲ್ಯಾಟಿನ್ ಚೌಕ, ಅಂದರೆ ಅಡ್ಡಸಾಲು, ಉದ್ದಸಾಲು ಎರಡರಲ್ಲೂ ಪ್ರತಿ ಉಪಚಾರ ಒಂದೊಂದು ಸಲ ಬರುವ ವಿನ್ಯಾಸ. ಉಳುಮೆ ಅಥವಾ ನೀರಾವರಿಯಂಥ ದೊಡ್ಡ ತಾಕು ಬೇಡುವ ಅಂಶದ ಜೊತೆ ತಳಿ ಅಥವಾ ಗೊಬ್ಬರ ಸೇರಿದರೆ ಸ್ಪ್ಲಿಟ್ ಪ್ಲಾಟ್, ಅಂದರೆ ದೊಡ್ಡ ಮುಖ್ಯ ತಾಕಿನೊಳಗೆ ಚಿಕ್ಕ ಉಪತಾಕುಗಳು. ಅದರಲ್ಲಿ ದೋಷ ಎರಡು ಇರುತ್ತವೆ, ಮುಖ್ಯ ತಾಕಿನದು ಒಂದು, ಉಪತಾಕಿನದು ಇನ್ನೊಂದು. ಆರ್‌ಬಿಡಿಯಂತೆ ಒಂದೇ ದೋಷದಿಂದ ಎರಡನ್ನೂ ಪರೀಕ್ಷಿಸಿದರೆ ಮುಖ್ಯ ತಾಕಿನ ಉಪಚಾರಕ್ಕೆ ಇಲ್ಲದ ಸಾರ್ಥಕತೆ ಬಂದುಬಿಡಬಹುದು. ಮೂವತ್ತು ನಲವತ್ತು ತಳಿಗಳಿದ್ದರೆ ಬ್ಲಾಕ್ ಏಕರೂಪ ಉಳಿಯದಷ್ಟು ದೊಡ್ಡದಾಗುತ್ತದೆ, ಆಗ ಲ್ಯಾಟಿಸ್‌ನಂಥ ಅಪೂರ್ಣ ಬ್ಲಾಕ್ ವಿನ್ಯಾಸಗಳು ಬೇಕು.

ಅನೇಕ ಅಂಶಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಎಲ್ಲ ಸಂಯೋಜನೆಗಳನ್ನೂ ಹೊಲದಲ್ಲಿ ಇಡಲಾಗುವುದಿಲ್ಲ. ಆಯ್ದ ಕೆಲವನ್ನೇ ಇಟ್ಟು ಮುಖ್ಯ ಪರಿಣಾಮಗಳನ್ನು ಬೇರ್ಪಡಿಸುವ ಆರ್ಥೋಗೊನಲ್ ಅರೇಗಳನ್ನು 1940ರ ದಶಕದಲ್ಲಿ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್. ಅವರು ಹುಟ್ಟಿದ್ದು 1920ರಲ್ಲಿ ಹೂವಿನಹಡಗಲಿಯಲ್ಲಿ.

11. ವರದಿ, ಮುಂದಿನ ಹಂಗಾಮು

ಉಪಚಾರ ಸರಾಸರಿಗಳು, ಅವುಗಳ ಪ್ರಮಾಣ ದೋಷ (ನಮ್ಮಲ್ಲಿ 0.108 ಕಿಲೋ), ಸಿ.ಡಿ., ದೋಷದ ಡಿ.ಎಫ್., ಸಿ.ವಿ., ಇಷ್ಟಂತೂ ಇರಲೇಬೇಕು. ತಾಕಿನ ಅಳತೆ, ಬ್ಲಾಕಿನ ದಿಕ್ಕು, ಬಿತ್ತನೆ ಮತ್ತು ಕೊಯ್ಲಿನ ದಿನ, ಹಂಗಾಮಿನ ಮಳೆ, ಹೊರಗಿಟ್ಟ ತಾಕು ಇದ್ದರೆ ಅದರ ಕಾರಣವನ್ನೂ ಬರೆಯಿರಿ. ಇಪ್ಪತ್ತು ತಾಕಿನ ಮೂಲ ಅಂಕಿಗಳನ್ನು ಕೊನೆಗೆ ಲಗತ್ತಿಸಿ, ಬೇರೆಯವರು ಮತ್ತೆ ಲೆಕ್ಕ ಮಾಡಿ ನೋಡುವಂತಿರಲಿ.

ಮಳೆಯಾಶ್ರಿತ ಬೆಳೆಯಲ್ಲಿ ಒಂದು ವರ್ಷದ ಫಲಿತಾಂಶ ಆ ವರ್ಷದ ಮಳೆಯದ್ದೂ ಹೌದು. ಮೇಲುಗೊಬ್ಬರದ ಹೊತ್ತಿಗೆ ಮಳೆ ಕೈಕೊಟ್ಟ ವರ್ಷ 75 ಕಿಲೋಗೂ 25 ಕಿಲೋಗೂ ವ್ಯತ್ಯಾಸವೇ ಕಾಣದಿರಬಹುದು. ಕನಿಷ್ಠ ಎರಡು ಮೂರು ಹಂಗಾಮು, ಸಾಧ್ಯವಾದರೆ ಎರಡು ಮೂರು ಊರುಗಳಲ್ಲಿ ಇದನ್ನೇ ಮಾಡಿ, ದೋಷದ ಸರಾಸರಿ ವರ್ಗಗಳು ಒಂದಕ್ಕೊಂದು ಹತ್ತಿರವಿವೆಯೇ ಎಂದು ನೋಡಿ, ಆಮೇಲೆ ಒಟ್ಟುಗೂಡಿಸಿ ವಿಶ್ಲೇಷಿಸಿ. ಅಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಉಪಚಾರ ಮತ್ತು ವರ್ಷದ ಪರಸ್ಪರ ಕ್ರಿಯೆ, ಅಂದರೆ ಗೊಬ್ಬರದ ಪರಿಣಾಮ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆಯೇ ಎಂಬುದು. ಮರುವರ್ಷ ಅದೇ ಜಾಗದಲ್ಲಿ ಹೊಸದಾಗಿ ಚೀಟಿ ಎತ್ತಿದರೆ ಹಿಂದಿನ ವರ್ಷದ ಉಳಿಕೆ ಗೊಬ್ಬರ ಹೊಸ ಉಪಚಾರಗಳ ಮೇಲೆ ಕುಳಿತಿರುತ್ತದೆ. ಆದ್ದರಿಂದ ಪಕ್ಕದ ಇನ್ನೊಂದು ಹೊಲ ಹುಡುಕಿ, ಅಲ್ಲಿನ ಇಳಿಜಾರು ನೋಡಿಕೊಂಡು, ಬ್ಲಾಕ್ ಮತ್ತು ಚೀಟಿಗಳನ್ನು ಮೊದಲಿನಿಂದ ಶುರುಮಾಡಿ.